ಗೆಳೆಯನಿಗೊಂದು ಪತ್ರ: ಪಾತ್ರ ಇಲ್ಲ, ಪರದೆಯ ಹಿಂದೆ ಬಾ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿದೆ. ಡಿಸೆಂಬರಿನಲ್ಲಿ ಮಸ್ಕತ್ತಿನಿಂದ ರಜೆಗೆ ಬರುತ್ತೀಯ, ನಮ್ಮ ತಂಡದ ನಾಟಕದಲ್ಲಿ ಒಂದು ಸಣ್ಣ ಪಾತ್ರ ಸಿಗಬಹುದಾ ಅಂತ ಕೇಳಿದ್ದೀಯ. ಸುತ್ತಿ ಬಳಸಿ ಹೇಳುವುದಿಲ್ಲ ಮಾರಾಯ, ಪಾತ್ರ ಇಲ್ಲ. ರಿಹರ್ಸಲ್ ಆಗಲೇ ಶುರುವಾಗಿದೆ, ಎಲ್ಲರಿಗೂ ಮಾತು ಬಾಯಿಗೆ ಬಂದಿದೆ. ಆದರೆ ಕೆಲಸ ಉಂಟು, ಬೇಕಾದಷ್ಟು ಉಂಟು. ಪರದೆಯ ಹಿಂದೆ ಬಾ. ಪಾತ್ರ ಸಿಗದವನಿಗೆ ಕುರ್ಚಿ ಹೊರುವ ಕೆಲಸ ಅಂತ ನೀನು ಮುಖ ಸಿಂಡರಿಸುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಅದಕ್ಕೇ ಈ ಉದ್ದದ ಪತ್ರ. ನಮಗೆ ಇನ್ನೂ ಕೆಲವು ಕೈಗಳು ಬೇಕು, ಬೇರೆಯವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಉಡುಪಿಯ ಹವ್ಯಾಸಿ ನಾಟಕ ನಿನಗೆ ಹೊಸದಲ್ಲ. ಹಗಲು ಬ್ಯಾಂಕು, ಶಾಲೆ, ಅಂಗಡಿ. ಸಂಜೆ ಮೇಲೆ ರಿಹರ್ಸಲ್. ರಂಗಭೂಮಿ ಸಂಸ್ಥೆ 1965ರಿಂದ ಇಲ್ಲಿ ನಾಟಕ ಮಾಡುತ್ತಾ ಬಂದಿದೆ. ಎಂಜಿಎಂ ಕಾಲೇಜಿನಲ್ಲಿ ಅವರು ನಡೆಸುವ ರಾಜ್ಯಮಟ್ಟದ ಸ್ಪರ್ಧೆಗೆ ನಾವಿಬ್ಬರೂ ಹಿಂದಿನ ಸಾಲಿನಲ್ಲಿ ಕೂತು ಶೇಂಗಾ ತಿಂದದ್ದು ನೆನಪುಂಟಲ್ಲ? ಆಗ ನಾವು ನೋಡಿದ್ದು ಬರೀ ಮುಂದಿನ ಅರ್ಧ. ಒಂದು ತಂಡ ರಾತ್ರಿ ಸೆಟ್ ಬಿಚ್ಚಿ ಟೆಂಪೋಗೆ ಹಾಕುತ್ತದೆ. ಮರುದಿನ ಇನ್ನೊಂದು ತಂಡ ಅದೇ ಹಲಗೆಯ ಮೇಲೆ ಬೇರೆಯೇ ಊರು ಕಟ್ಟುತ್ತದೆ. ಆ ಬಿಚ್ಚುವವರು, ಕಟ್ಟುವವರು ಯಾರು ಅಂತ ನಾವು ಯಾವತ್ತೂ ಕೇಳಲಿಲ್ಲ.

ನಿನಗೆ ಅಂತ ನಾನು ಇಟ್ಟಿರುವುದು ಪ್ರಾಪರ್ಟಿ ಟೇಬಲ್ಲು, ನಟರು ಕೈಯಲ್ಲಿ ಹಿಡಿಯುವ ಸಾಮಾನುಗಳ ಮೇಜು. ಸೈಡ್ ವಿಂಗಿನ, ಅಂದರೆ ವೇದಿಕೆಯ ಪಕ್ಕದ ಮರೆಯ, ಹಿಂದೆ ಒಂದು ಉದ್ದದ ಮೇಜು. ಅದರ ಮೇಲೆ ಖಾಕಿ ಕಾಗದ ಅಂಟಿಸಿ, ಮಾರ್ಕರಿನಲ್ಲಿ ಒಂದೊಂದು ಸಾಮಾನಿಗೆ ಒಂದೊಂದು ಚೌಕ ಗೀಚುತ್ತೇವೆ. ಚೌಕದೊಳಗೆ ಸಾಮಾನಿನ ಹೆಸರು, ಎಷ್ಟನೇ ದೃಶ್ಯ, ಯಾರ ಕೈಗೆ ಅಂತ ಬರೆದಿರುತ್ತದೆ. ಚೌಕ ಖಾಲಿ ಇದ್ದರೆ ಏನೋ ಕಾಣೆಯಾಗಿದೆ ಅಂತ ಅರ್ಥ, ಪಟ್ಟಿ ಓದಬೇಕಾಗಿಲ್ಲ. ಆಟದ ಮೊದಲು ಒಮ್ಮೆ, ಮಧ್ಯಂತರದಲ್ಲಿ ಒಮ್ಮೆ ಕಣ್ಣಾಡಿಸಿದರೆ ಸಾಕು. ನಿಯಮ ಒಂದೇ. ಯಾರು ಬಳಸುತ್ತಾರೋ ಅವರು ಮಾತ್ರ ಮುಟ್ಟಬೇಕು, ಕೆಲಸ ಮುಗಿದ ಮೇಲೆ ಅದೇ ಚೌಕದಲ್ಲಿ ಇಡಬೇಕು. ನಟರು ಇದನ್ನು ಪಾಲಿಸುತ್ತಾರೆ ಅಂದುಕೊಳ್ಳಬೇಡ. ರಾಜನ ಲೋಟದಲ್ಲಿ ಚಾ ಕುಡಿದು ಎಲ್ಲೋ ಕಿಟಕಿಯಲ್ಲಿಟ್ಟು ಹೋಗುತ್ತಾರೆ. ಅಂಥವರನ್ನು ಬೈಯುವ ಅಧಿಕಾರ ನಿನಗಿರುತ್ತದೆ. ನಾಯಕನಾದರೂ ಸರಿ.

ಸಾಮಾನು ಹುಡುಕುವುದೇ ಈ ಕೆಲಸದ ಅರ್ಧ ಮಜಾ. ಹಾಳೆಯ ಟೊಪ್ಪಿ ಮುಟ್ಟಾಳೆ, ಲಾಟೀನು, ಹಿತ್ತಾಳೆ ಚೆಂಬು, ವಾಲ್ವ್ ರೇಡಿಯೋ. ದುಡ್ಡು ಕೊಟ್ಟು ತಂದರೆ ಹೊಸದರ ಹಾಗೆ ಹೊಳೆಯುತ್ತದೆ, ಬೆಳಕು ಬಿದ್ದ ಕೂಡಲೇ ಸುಳ್ಳು ಅಂತ ಗೊತ್ತಾಗುತ್ತದೆ. ಹಾಗಾಗಿ ಮನೆ ಮನೆಗೆ ಹೋಗಿ ಕೇಳಬೇಕು. ಒಂದು ನಾಟಕಕ್ಕೆ ಚೆನ್ನೆಮಣೆ ಬೇಕಾಗಿತ್ತು, ಗುಳಿಗಳಲ್ಲಿ ಕಾಯಿ ಹಂಚುತ್ತಾ ಆಡುವ ಮರದ ಮಣೆ. ಪರ್ಕಳದ ಹತ್ತಿರ ಒಬ್ಬರು ಅಜ್ಜಿಯ ಮನೆಯಲ್ಲಿ ಇತ್ತು. ತುಳುವರ ಆಟಿ ತಿಂಗಳು ಬಿಟ್ಟು ಬೇರೆ ದಿನ ಆಡಬಾರದು ಅಂತ ಅವರು ಕೊಡಲೇ ಒಪ್ಪಲಿಲ್ಲ. ನಾಟಕ ಅಲ್ವಾ ಅಜ್ಜಿ, ಸುಮ್ನೆ ಆಡಿದ ಹಾಗೆ ಮಾಡುವುದು ಅಂತ ಬೇಡಿಕೊಂಡೆವು. ಕೊನೆಗೆ ಕೊಟ್ಟರು. ಒಂದೇ ಷರತ್ತು, ಕಾಯಿ ಹಾಕಬಾರದು. ನಮ್ಮ ನಟಿಯರು ಪ್ರತಿ ಪ್ರದರ್ಶನದಲ್ಲೂ ಖಾಲಿ ಗುಳಿಗಳಿಂದ ಖಾಲಿ ಗುಳಿಗಳಿಗೆ ಏನೂ ಇಲ್ಲದ್ದನ್ನು ಹಂಚಿದರು. ಪ್ರೇಕ್ಷಕರಿಗೆ ಗೊತ್ತೇ ಆಗಲಿಲ್ಲ. ಅಜ್ಜಿ ಮುಂದಿನ ಸಾಲಿನಲ್ಲಿ ಕೂತು ಪರೀಕ್ಷೆ ಮಾಡಿ ಹೋದರು.

ಇನ್ನೊಂದು ಹೇಳುತ್ತೇನೆ, ಇದು ನನಗೆ ತುಂಬಾ ಇಷ್ಟದ್ದು. ನಾಟಕದಲ್ಲಿ ಯಾರಾದರೂ ಕಾಗದ ಓದುವ ದೃಶ್ಯ ಇದ್ದರೆ ಆ ಕಾಗದವನ್ನು ನಿಜಕ್ಕೂ ಬರೆಯಬೇಕು. ಖಾಲಿ ಹಾಳೆ ಕೊಟ್ಟರೆ ಕಣ್ಣು ಸಾಲಿನ ಮೇಲೆ ಓಡುವುದಿಲ್ಲ, ಎಲ್ಲೋ ಒಂದು ಕಡೆ ನಿಂತುಬಿಡುತ್ತದೆ. ಅದು ಮೂರನೇ ಸಾಲಿನವರಿಗೂ ಕಾಣುತ್ತದೆ. ನಿನ್ನ ಅಕ್ಷರ ಚೆನ್ನಾಗಿದೆ, ಆ ಕಾಗದಗಳನ್ನು ನೀನೇ ಬರೆ.

ಲೈಟಿನ ಕಡೆ ನಿನ್ನನ್ನು ಬಿಡುವುದಿಲ್ಲ, ಹೆದರಬೇಡ. ಆದರೆ ಗೊತ್ತಿರಲಿ. ವೇದಿಕೆಗೆ ಬಳಸುವ ಒಂದು ಸಾವಿರ ವಾಟಿನ ಪಾರ್ ಲೈಟು 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಅಂದರೆ 5 ಆಂಪಿಯರ್ ಪ್ಲಗ್ಗಿಗೆ ಒಂದೇ, 15 ಆಂಪಿಯರಿನದ್ದಕ್ಕೆ ಮೂರು, ಅಷ್ಟೇ. ಹಳ್ಳಿಯ ಶಾಲೆಯಲ್ಲಿ ಆಟ ಇದ್ದರೆ ನಮ್ಮ ಲೈಟಿನವರು ವೇದಿಕೆ ಎಷ್ಟು ದೊಡ್ಡದು ಅಂತ ಕೇಳುವುದಿಲ್ಲ, ಮೈನ್ ಬೋರ್ಡ್ ಎಲ್ಲಿದೆ ಅಂತ ಕೇಳುತ್ತಾರೆ. ಹ್ಯಾಲೊಜೆನ್ ಬಲ್ಬನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಎಣ್ಣೆ ತಾಗಿದ ಜಾಗ ಜಾಸ್ತಿ ಕಾದು ಗಾಜು ಒಡೆಯುತ್ತದೆ. ಈಗ ಎಲ್ಲ ಕಡೆ ಎಲ್‌ಇಡಿ ಬಂದಿದೆ. ಲೋಡ್ ಕಡಿಮೆ, ಬಿಸಿಯೂ ಕಡಿಮೆ. ಆದರೂ ಸಂಜೆಯ ದೃಶ್ಯಕ್ಕೆ ನನಗೆ ಹ್ಯಾಲೊಜೆನ್ನೇ ಬೇಕು. ಡಿಮ್ಮರ್ ಇಳಿಸಿದ ಹಾಗೆ ಅದು ತಾನಾಗಿ ಕೆಂಪಗಾಗುತ್ತಾ ಹೋಗುತ್ತದೆ. ಎಲ್‌ಇಡಿಯಲ್ಲಿ ಅದನ್ನು ನಾವೇ ಬಣ್ಣ ಬೆರೆಸಿ ತರಬೇಕು.

ಉಡುಪು, ಮೇಕಪ್ಪಿನ ಕಥೆ ನಮ್ಮ ಕರಾವಳಿಯ ಹವೆಯ ಕಥೆಯೇ. ಮಳೆಗಾಲದಲ್ಲಿ ಪೆಟ್ಟಿಗೆ ಮುಚ್ಚಿಟ್ಟರೆ ಸೆಪ್ಟೆಂಬರಿನಲ್ಲಿ ತೆರೆದಾಗ ರಾಜನ ಅಂಗಿಗೆ ಬೂಸ್ಟು. ಬೆವರಿಗೆ ಸ್ಪಿರಿಟ್ ಗಮ್ ಬಿಟ್ಟು ಮೀಸೆ ಜಾರುತ್ತದೆ. ಬಣ್ಣ ಹಚ್ಚುವ ಕೋಣೆಯನ್ನು ನಾವು ಈಗಲೂ ಚೌಕಿ ಅಂತಲೇ ಕರೆಯುವುದು, ಆಧುನಿಕ ನಾಟಕ ಆದರೂ. ಒಂದು ಮೂಲೆಯಲ್ಲಿ ಗಣಪತಿ, ಒಂದು ದೀಪ. ಯಕ್ಷಗಾನ ನೋಡಿ ಬೆಳೆದವರಲ್ಲವಾ. ಒಡ್ಡೋಲಗದಲ್ಲಿ, ಅಂದರೆ ವೇಷ ಮೊದಲು ರಂಗಕ್ಕೆ ಬರುವಾಗ, ತೆರೆ ಹಿಡಿದು ನಿಲ್ಲುವ ಇಬ್ಬರನ್ನು ನೀನು ಯಾವತ್ತಾದರೂ ನೋಡಿದ್ದೀಯ? ಸಾವಿರ ಜನರ ಎದುರು ನಿಂತಿರುತ್ತಾರೆ, ಎಲ್ಲರ ಕಣ್ಣು ತೆರೆಯ ಮೇಲಿನಿಂದ ಇಣುಕುವ ಕಿರೀಟದ ಮೇಲೆ.

ಕಷ್ಟದ ಕೆಲಸ ದೃಶ್ಯ ಬದಲಾವಣೆ. ಬ್ಲ್ಯಾಕೌಟ್ ಆದ ಮೇಲೆ ಕೆಲವೇ ಸೆಕೆಂಡು. ಆ ಕತ್ತಲಲ್ಲಿ ನೀನು ಕುರ್ಚಿ ಅಂದರೆ ಕುರ್ಚಿ ಮಾತ್ರ. ಪಕ್ಕದಲ್ಲಿ ಮಡಕೆ ಉರುಳಿದರೂ ಅದನ್ನು ಹಿಡಿಯಲು ಹೋಗಬಾರದು, ಅದಕ್ಕೆ ಬೇರೆಯವರಿದ್ದಾರೆ. ಕುರ್ಚಿ ಇಡುವ ಜಾಗದಲ್ಲಿ ಕತ್ತಲಲ್ಲಿ ಹೊಳೆಯುವ ಟೇಪಿನ ಸಣ್ಣ ಗುರುತು ಇರುತ್ತದೆ. ಲೈಟ್ ಆರುವ ಮುಂಚೆ ವಿಂಗಿನಲ್ಲಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡು ನಿಂತಿರಬೇಕು. ಆಗ ಕಣ್ಣು ಕತ್ತಲಿಗೆ ಒಗ್ಗಿರುತ್ತದೆ, ಓಡುವಾಗ ವೇದಿಕೆ ಮೇಲಿನ ಎತ್ತರದ ಕಟ್ಟೆಗೆ, ನಾವು ಲೆವೆಲ್ ಅನ್ನುವುದಕ್ಕೆ, ಮೊಣಕಾಲು ಹೊಡೆಯುವುದಿಲ್ಲ. ಸ್ಟೇಜ್ ಮ್ಯಾನೇಜರ್ "ಸ್ಟ್ಯಾಂಡ್ ಬೈ" ಅಂದರೆ ಉಸಿರು ಹಿಡಿ, "ಗೋ" ಅಂದರೆ ಮಾತ್ರ ಹೊರಡು. ಬೇರೆ ಯಾವ ಮಾತಿಗೂ "ಗೋ" ಅಂತ ಬಾಯಿ ಬಿಡಬಾರದು. ಒಮ್ಮೆ ಒಬ್ಬ ಹುಡುಗ ಗೋಳಿಬಜೆ ಬಂತಾ ಅಂತ ಕೇಳಹೊರಟು ಮೊದಲ ಅಕ್ಷರಕ್ಕೇ ಯುದ್ಧಭೂಮಿಯನ್ನು ಅಂತಃಪುರ ಮಾಡಿಸಿದ.

ಇಷ್ಟೆಲ್ಲ ಮಾಡಿಯೂ ನಾಟಕವನ್ನು ನೋಡಲಿಕ್ಕೆ ಸಿಗುವುದಿಲ್ಲ, ಅದು ನಿಜ. ಕೇಳಲಿಕ್ಕೆ ಸಿಗುತ್ತದೆ. ನಟ ಇವತ್ತು ಆ ಮಾತಿನ ಮುಂಚೆ ಎಷ್ಟು ನಿಲ್ಲಿಸಿದ, ಪ್ರೇಕ್ಷಕರು ಎಲ್ಲಿ ಕೆಮ್ಮಿದರು, ನಗು ಎಷ್ಟು ತಡವಾಗಿ ಬಂತು. ಎದುರು ಕೂತವರಿಗಿಂತ ವಿಂಗಿನಲ್ಲಿ ನಿಂತವರಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ ಅಂತ ನನ್ನ ಹಠ. ನಟನಾಗಬೇಕು ಅನ್ನುವವನು ಮೊದಲು ಇಲ್ಲಿ ನಿಲ್ಲಬೇಕು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನ ತಿರುಗಾಟ ತಂಡ 1985ರಿಂದ ಊರೂರು ಸುತ್ತುತ್ತಿದೆ. ಅಲ್ಲಿ ನಟರೇ ಸೆಟ್ ಕಟ್ಟುತ್ತಾರೆ, ನಟರೇ ಬಿಚ್ಚುತ್ತಾರೆ. ಆ ನಟರು ವೇದಿಕೆಯ ಮೇಲೆ ಒಂದು ಸ್ಟೂಲನ್ನು ಎತ್ತಿಡುವುದನ್ನೇ ನೋಡು. ನಮ್ಮಲ್ಲಿ ಕೆಲವರು ಮೇಕಪ್ ಒರೆಸಿದವರೇ ಬೈಕ್ ಹತ್ತುತ್ತಾರೆ. ಹೆಸರು ಹೇಳುವುದಿಲ್ಲ, ಓದುತ್ತಿರುತ್ತಾರೆ.

ಹೆಸರಿನ ವಿಷಯ ಬಂತಲ್ಲ. ಕೊನೆಗೆ ಪರಿಚಯ ಮಾಡುವಾಗ ನಟರದ್ದೆಲ್ಲ ಹೇಳಿ, "ಹಾಗೂ ರಂಗದ ಹಿಂದೆ ದುಡಿದ ಎಲ್ಲರೂ" ಅಂತ ಒಂದೇ ಉಸಿರಿಗೆ ಮುಗಿಸುತ್ತಾರೆ. ನನಗೆ ಶಾಲು ಬೇಡ, ಹೆಸರು ಸರಿಯಾಗಿ ಹೇಳಿದರೆ ಸಾಕು. ತಮಾಷೆ ಅಂದರೆ ಎಂಜಿಎಂನಲ್ಲಿ ಎಷ್ಟೋ ನಾಟಕ ಆಡುವ ಜಾಗದ ಹೆಸರು ಮುದ್ದಣ ಮಂಟಪ. ಮುದ್ದಣ ಅಂದರೆ ನಂದಳಿಕೆಯ ಕವಿ ಲಕ್ಷ್ಮೀನಾರಾಯಣಪ್ಪ, 1870ರಲ್ಲಿ ಹುಟ್ಟಿ 1901ರಲ್ಲಿ ತೀರಿಕೊಂಡವರು. ಇದೇ ಉಡುಪಿಯಲ್ಲಿ ಡ್ರಿಲ್ ಮಾಸ್ತರಾಗಿದ್ದರು. ತಾವು ಬರೆದದ್ದನ್ನು ಯಾವುದೋ ಹಳೆಯ ಕವಿಯ ಓಲೆಗರಿಯಲ್ಲಿ ಸಿಕ್ಕಿದ್ದು ಅಂತ ಹೇಳಿ ಅಚ್ಚಿಗೆ ಕಳಿಸುತ್ತಿದ್ದರು. ಅಷ್ಟು ದೊಡ್ಡ ಮನಸ್ಸು ನನಗಿಲ್ಲಪ್ಪ. ಈ ಸಲದ ಕರಪತ್ರದಲ್ಲಿ ಪ್ರಾಪರ್ಟಿ ಟೇಬಲ್ಲಿನವರ ಹೆಸರೂ ಇರಬೇಕು ಅಂತ ಈಗಲೇ ಜಗಳ ಮಾಡಿ ಒಪ್ಪಿಸಿದ್ದೇನೆ. ನೀನು ಹೂಂ ಅಂದರೆ ಅದು ನಿನ್ನ ಹೆಸರು.

ಬರುವಾಗ ಅಕ್ಷರ, ಚಿತ್ರ ಏನೂ ಇಲ್ಲದ ಕಪ್ಪು ಅಂಗಿ, ಕಪ್ಪು ಪ್ಯಾಂಟು ತಾ. ಶಬ್ದ ಮಾಡದ ಶೂ ಇರಲಿ, ಟಪಟಪ ಚಪ್ಪಲಿ ಬೇಡ. ಸಣ್ಣ ಟಾರ್ಚು ಬೇಕು, ಅದಕ್ಕೆ ಹಚ್ಚುವ ಕೆಂಪು ಜೆಲ್ ಪೇಪರ್ ನಮ್ಮಲ್ಲಿದೆ. ಅಲ್ಲಿಯ ಅತ್ತರು ಮಾತ್ರ ಆಟದ ದಿನ ಪೂಸಿಕೊಳ್ಳಬೇಡ. ಕಾಡಿನ ದೃಶ್ಯ ಇದೆ, ಮುಂದಿನ ಸಾಲಿನವರಿಗೆ ಮದುವೆ ಮನೆ ನೆನಪಾದೀತು.

ಮತ್ತೆ, ಪಟ್ಟಿಯಲ್ಲಿ ಎಲ್ಲ ಸಿಕ್ಕಿದೆ, ಒಂದು ಹಳೆಯ ಕಬ್ಬಿಣದ ಟೇಬಲ್ ಫ್ಯಾನ್ ಸಿಕ್ಕಿಲ್ಲ. ನಿಮ್ಮ ಮನೆಯ ಅಟ್ಟದಲ್ಲಿ ಒಂದಿತ್ತಲ್ವಾ, ಹಸಿರು ಬಣ್ಣದ್ದು? ತಿರುಗದಿದ್ದರೂ ಪರವಾಗಿಲ್ಲ. ಗುಜರಿಗೆ ಹಾಕುವ ಮೊದಲು ಅಮ್ಮನಿಗೆ ಇವತ್ತೇ ಫೋನ್ ಮಾಡಿ ಹೇಳು. ಆದಿತ್ಯವಾರ ಬಂದು ನಾನೇ ಇಳಿಸಿಕೊಳ್ಳುತ್ತೇನೆ.

ನಿನ್ನವ