ಸಿಂಗಪುರದಿಂದ ಬೆಂಗಳೂರಿಗೆ ಎರಡೇ ಗಂಟೆಯಾ? ಪ್ರಯಾಣದ ಅವಧಿ ತಪ್ಪು ತೋರಿಸಿದ ಬಗ್ಗೆ ದೂರು

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ವಿಮಾನ ಟಿಕೆಟ್ ಬುಕಿಂಗ್ ಕಂಪನಿ

ಮಾನ್ಯರೇ,

ಸಿಂಗಪುರದಲ್ಲಿರುವ ತಂಗಿಯ ಮನೆಗೆ ಹೋಗಿಬರಲು ನಮ್ಮ ಅಮ್ಮನಿಗೆ ನಿಮ್ಮ ಆಪ್‌ನಲ್ಲಿ ಟಿಕೆಟ್ ಮಾಡಿಸಿದ್ದೆ. ಬೆಂಗಳೂರಿನಿಂದ ಹೋಗಲು 7 ಗಂಟೆ, ವಾಪಸ್ ಬರಲು 2 ಗಂಟೆ ಎಂದು ಅದರಲ್ಲಿತ್ತು. ಪ್ರಿಂಟ್ ನೋಡಿದ ಅಮ್ಮ, "ಬರೋವಾಗ ಇಳಿಜಾರು ಇರ್ಬೇಕು" ಎಂದು ನಕ್ಕರು. ನಾನೂ ನಕ್ಕು ಸುಮ್ಮನಾದೆ. ಅಷ್ಟರ ಮಟ್ಟಿಗೆ ತಪ್ಪು ನನ್ನದೂ ಇದೆ.

ಎರಡೂ ಕಡೆಗೆ ಬೇಕಾಗುವುದು ಸುಮಾರು ನಾಲ್ಕೂವರೆ ಗಂಟೆ. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ 8ಕ್ಕೆ ಹೊರಟ ವಿಮಾನ ಇಲ್ಲಿ 10ಕ್ಕೆ ಇಳಿಯುತ್ತದೆ. ನಿಮ್ಮ ಆಪ್ ಹತ್ತರಲ್ಲಿ ಎಂಟು ಕಳೆದು ಎರಡು ಎಂದು ಬರೆದುಬಿಟ್ಟಿದೆ! ಲೆಕ್ಕ ಸರಿ, ಗಡಿಯಾರವೇ ಬೇರೆ ಬೇರೆ.

ಅದೇ ಸಂಜೆ ಇನ್ನೊಂದು ನೇರ ವಿಮಾನವೂ ಇತ್ತು. ಅದರಲ್ಲಿ ಊಟ ಸೇರಿತ್ತು, ಅವಧಿ 4 ಗಂಟೆ 35 ನಿಮಿಷ ಎಂದು ಸರಿಯಾಗಿಯೇ ತೋರಿಸಿತ್ತು. ವಯಸ್ಸಾದವರು, ಬೇಗ ಬಂದುಬಿಡಲಿ ಎಂದು 1,800 ರೂಪಾಯಿ ಜಾಸ್ತಿ ಕೊಟ್ಟು ಈ "2 ಗಂಟೆ"ಯದನ್ನು ಆರಿಸಿದೆ. ಎರಡು ಗಂಟೆಗೆ ಊಟ ಯಾಕೆ ಎಂದು ಅದನ್ನೂ ಬೇಡವೆಂದೆ.

ಅಮ್ಮನಿಗೆ ಶುಗರ್ ಇದೆ. ಇಳಿದ ಮೇಲೆ ಉಂಡರಾಯಿತು ಎಂದು ಸಂಜೆಯ ಮಾತ್ರೆ ನುಂಗಿ ವಿಮಾನ ಹತ್ತಿದ್ದಾರೆ. ಊರಿಂದ ಒಯ್ದಿದ್ದ ಮಂಡಕ್ಕಿಯನ್ನೆಲ್ಲ ಮೊಮ್ಮಕ್ಕಳಿಗೆ ಕೊಟ್ಟು ಬಂದಿದ್ದರಿಂದ ಬ್ಯಾಗಿನಲ್ಲೂ ಏನಿಲ್ಲ. ಮೂರನೇ ಗಂಟೆಗೆ ಕೈ ನಡುಗಿ, ಮೈ ಬೆವೆತಿದೆ. ಪಕ್ಕದಲ್ಲಿದ್ದ ಹುಡುಗಿ ನೋಡಿ ಗಗನಸಖಿಯನ್ನು ಕರೆದು ಜ್ಯೂಸ್ ಕೊಡಿಸಿದಳಂತೆ. ಆ ಹುಡುಗಿ ಯಾರೋ, ತಣ್ಣಗಿರಲಿ.

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದರೆ, "ಗಾಳಿ ಅನುಕೂಲವಾಗಿದ್ದರೆ ಬೇಗ ಬರುತ್ತೆ ಸರ್" ಎಂಬ ಉತ್ತರ. ಗಾಳಿಯಿಂದ ಕೆಲವು ನಿಮಿಷ ಹೆಚ್ಚುಕಮ್ಮಿ ಆಗಬಹುದು. ಎರಡೂವರೆ ಗಂಟೆ ಉಳಿಯುತ್ತದೆಯೇ? ನೇರ ದಾರಿಯೇ ಸುಮಾರು 3,180 ಕಿ.ಮೀ. ಎರಡು ಗಂಟೆಯಲ್ಲಿ ಬರಬೇಕೆಂದರೆ ಗಂಟೆಗೆ 1,590 ಕಿ.ಮೀ. ವೇಗ ಬೇಕು. ಈಗಿನ ಪ್ರಯಾಣಿಕರ ವಿಮಾನಗಳು ಹಾರುವುದು 900ರ ಆಸುಪಾಸಿನಲ್ಲಿ. ಅಷ್ಟು ವೇಗದ ಕಾಂಕಾರ್ಡ್ ವಿಮಾನದ ಹಾರಾಟ 2003ರಲ್ಲೇ ನಿಂತುಹೋಯಿತು. ದಾವಣಗೆರೆಯಿಂದ ಬೆಂಗಳೂರಿಗೆ 260 ಕಿ.ಮೀ. ಬರಲು ನಮ್ಮ ಬಸ್ಸಿಗೇ ನಾಲ್ಕೈದು ಗಂಟೆ ಬೇಕು ಸ್ವಾಮಿ.

ಹೆಚ್ಚಿಗೆ ಕೊಟ್ಟ 1,800 ರೂಪಾಯಿ ವಾಪಸ್ ಕೊಡಿ. ಅದಕ್ಕಿಂತ ಮುಖ್ಯವಾಗಿ ಆ ಲೆಕ್ಕ ಸರಿಮಾಡಿ, ಹೊರಡುವ ಮತ್ತು ಇಳಿಯುವ ಹೊತ್ತಿನ ಪಕ್ಕ "ಸ್ಥಳೀಯ ಸಮಯ" ಎಂದು ಕಾಣುವಂತೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯಲ್ಲಿ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಇಲ್ಲದಿದ್ದರೆ ಇಲ್ಲಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಟಿಕೆಟ್, ಎರಡೂ ವಿಮಾನಗಳ ವಿವರದ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ
ವಿದ್ಯಾನಗರ, ದಾವಣಗೆರೆ