ದಂಡದ ಜೊತೆ ಹಿಂಬದಿ ದೀಪದ ಬಗ್ಗೆಯೂ ಯೋಚಿಸಲಿ

ಮಾನ್ಯರೇ,

ರಾಜ್ಯದ ಮೋಟಾರು ವಾಹನ ನಿಯಮಗಳನ್ನು ಬದಲಿಸುವ ಮಾತು ಬಂದಾಗಲೆಲ್ಲ ಚರ್ಚೆ ದಂಡದ ಮೊತ್ತಕ್ಕೇ ನಿಂತುಬಿಡುತ್ತದೆ. 2019ರಲ್ಲಿ ಕೇಂದ್ರ ಹೆಲ್ಮೆಟ್ ದಂಡವನ್ನು 1,000 ರೂಪಾಯಿಗೆ ಏರಿಸಿತು. ಆಮೇಲೆ ನಮ್ಮ ಸರ್ಕಾರ 500ಕ್ಕೆ ಇಳಿಸಿತು. ಅಷ್ಟೇ ಸಾಕೇ?

ದಾವಣಗೆರೆ–ಚಿತ್ರದುರ್ಗ ನಡುವಿನ ಹೆದ್ದಾರಿ 48ರಲ್ಲಿ ಓಡಾಡುವವರ ಭಯವೇ ಬೇರೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಆನಗೋಡು, ಭರಮಸಾಗರದ ಕಡೆ ರಾತ್ರಿ ಹೊತ್ತು ಟ್ರ್ಯಾಕ್ಟರ್ ಟ್ರೇಲರ್‌ಗಳು ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಹೋಗುತ್ತಿರುತ್ತವೆ. ತೀರಾ ಹತ್ತಿರ ಹೋಗುವವರೆಗೂ ಕಣ್ಣಿಗೆ ಬೀಳುವುದಿಲ್ಲ. ಬೈಕಿನವರ ಗತಿ ಏನು? ಹಾಗಂತ ರೈತನಿಗೆ ಸುಮ್ನೆ ದಂಡ ಹಾಕಿದರೆ ಪ್ರಯೋಜನವಿಲ್ಲ. ಎಪಿಎಂಸಿ ಗೇಟಿನಲ್ಲೇ ಉಚಿತವಾಗಿ ರಿಫ್ಲೆಕ್ಟರ್ ಪಟ್ಟಿ ಅಂಟಿಸಿ ಕಳಿಸಬಹುದಲ್ವಾ? ಖರ್ಚೂ ಜಾಸ್ತಿ ಇಲ್ಲ. ಅದನ್ನು ನಿಯಮದಲ್ಲೇ ಬರೆಯಲಿ.

ಇನ್ನೊಂದು ವಿಷಯ. ಮಾನದಂಡ ಪಾಲಿಸದೆ ರಸ್ತೆ ಮಾಡಿ, ಅದರಿಂದ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಕೇಂದ್ರದ ಮೋಟಾರು ವಾಹನ ಕಾಯ್ದೆಯ 198ಎ ಕಲಂ ಇದೆ. ಇದರಡಿ ಜನ ಯಾರಿಗೆ ದೂರು ಕೊಡಬೇಕು, ಎಷ್ಟು ದಿನದಲ್ಲಿ ತನಿಖೆ ಮುಗಿಯಬೇಕು ಎಂಬುದನ್ನು ರಾಜ್ಯದ ನಿಯಮ ಸ್ಪಷ್ಟವಾಗಿ ಹೇಳಲಿ.

– ಓದುಗ, ದಾವಣಗೆರೆ