ಮೊರ್‌ಫಾರ್ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆ: "ತೀರಿಕೊಂಡದ್ದು ಹೆಂಡತಿಯ ಅಜ್ಜ ತಾನೇ, ತೊಂಬತ್ತು ದಾಟಿದ್ದರು, ತುಂಬು ಬಾಳು. ಯಾಕೋ ಇಷ್ಟೊಂದು ಮನಸ್ಸಿಗೆ ಹಚ್ಚಿಕೊಂಡಿದ್ದೀಯ?" ನನ್ನ ಸಮಾಧಾನಕ್ಕೇ ಕೇಳಿದ್ದು, ಗೊತ್ತು. ಆದರೆ ಆಗ ಗಂಟಲು ಕಟ್ಟಿಕೊಂಡು ಉತ್ತರ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ, ಯಾಕೆಂದರೆ ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಅಜ್ಜನ ವಿಷಯ ಗೊತ್ತಿರಬೇಕು ಅನ್ನಿಸಿತು.

ನನ್ನ ಹೆಂಡತಿ ಅವರನ್ನು ಮೊರ್‌ಫಾರ್ ಅನ್ನುತ್ತಿದ್ದಳು. ಡ್ಯಾನಿಶ್ ಜನ ತಾಯಿಯ ತಂದೆಯನ್ನು ಕರೆಯುವುದೇ ಹಾಗೆ. ಮದುವೆಯಾದ ಮೇಲೆ ನನಗೂ ಅದೇ ರೂಢಿಯಾಯಿತು. ಅವರು ಹುಟ್ಟಿದ್ದು 1932ರಲ್ಲಿ, ಡೆನ್ಮಾರ್ಕಿನ ಪಶ್ಚಿಮ ಜಟ್‌ಲ್ಯಾಂಡಿನ ಹಳ್ಳಿಯಲ್ಲಿ. ಮರಳು ಮಣ್ಣಿನ ನೆಲ, ಯಾವಾಗಲೂ ಗಾಳಿ. 1864ರ ಯುದ್ಧದಲ್ಲಿ ಡೆನ್ಮಾರ್ಕ್ ಸೋತು ದಕ್ಷಿಣದ ಸೀಮೆಯನ್ನೆಲ್ಲ ಕಳೆದುಕೊಂಡಿತಲ್ಲ, ಅದಾದ ಮೇಲೆ ಅಲ್ಲಿನ ಜನ ಬಂಜರು ಬಿದ್ದಿದ್ದ ಈ ನೆಲವನ್ನೇ ಹಸನು ಮಾಡಿ ಹೊಲ ಮಾಡಿಕೊಂಡರಂತೆ.

ನಾನು ಅವರ ಮನೆಗೆ ಮೊದಲ ಸಲ ಹೋದಾಗ ಎಲ್ಲರೂ ನನ್ನ ಓದು, ಕೆಲಸ ಕೇಳಿದರು. ಮೊರ್‌ಫಾರ್ ಕೇಳಿದ್ದು, "ನಿಮ್ಮ ತಂದೆಗೆ ಏನು ಕೆಲಸ?" ಅಂತ. ಸ್ವಲ್ಪ ಜೋಳದ ಹೊಲ, ಎರಡು ಎಮ್ಮೆ, ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುತ್ತಾರೆ ಅಂದೆ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು ನೋಡು! ಫ್ಯಾಟ್ ಎಷ್ಟು ಬರುತ್ತದೆ, ದುಡ್ಡು ಯಾವಾಗ ಕೊಡುತ್ತಾರೆ, ಸೊಸೈಟಿಯ ಓಟು ಹೇಗೆ ಹಾಕುತ್ತಾರೆ, ಎಲ್ಲ ಬೇಕು ಅವರಿಗೆ. ಎಮ್ಮೆ ಹಾಲಿಗೆ ಶೇಕಡಾ ಏಳರವರೆಗೂ ಬರುತ್ತದೆ ಅಂದಾಗ ಅಜ್ಜಿಯನ್ನು ಅಡುಗೆಮನೆಯಿಂದ ಕೂಗಿ ಕರೆದು ಮತ್ತೊಮ್ಮೆ ಹೇಳಿಸಿದರು. ಡೆನ್ಮಾರ್ಕಿನ ಮೊದಲ ಸಹಕಾರಿ ಡೇರಿ ಶುರುವಾಗಿದ್ದು ಅವರ ಸೀಮೆಯಲ್ಲೇ, ಯೆಡಿಂಗ್ (Hjedding) ಎಂಬ ಹಳ್ಳಿಯಲ್ಲಿ, 1882ರಲ್ಲಿ. ಎಷ್ಟೇ ಹಸು ಇರಲಿ, ಒಬ್ಬ ರೈತನಿಗೆ ಒಂದೇ ಓಟು. ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು. ಆವತ್ತು ನಾನು ಹೊರಗಿನವನು ಅನ್ನುವ ಅಳುಕು ಅರ್ಧ ಹೋಯಿತು.

ಹೊಲ ಅಣ್ಣನ ಪಾಲಿಗೆ ಹೋಯಿತು. ಹಾಗಾಗಿ 1955ರಲ್ಲಿ ಇವರು ಸೋದರಮಾವನ ಕಾಗದ ಹಿಡಿದುಕೊಂಡು ಅಮೆರಿಕಕ್ಕೆ ಹೊರಟರು. ನ್ಯೂಯಾರ್ಕ್‌ವರೆಗೆ ಹಡಗು, ಆಮೇಲೆ ರೈಲು. ಬಂದು ಸೇರಿದ್ದು ಐಯೋವಾ ರಾಜ್ಯದ ಎಲ್ಕ್ ಹಾರ್ನ್ ಹತ್ತಿರದ ಹೊಲಕ್ಕೆ. ನಾವಿರುವ ಡೆ ಮೊಯ್ನ್‌ನಿಂದ ಪಶ್ಚಿಮಕ್ಕೆ ಕಾರಿನಲ್ಲಿ ಒಂದೂವರೆ ಗಂಟೆ ದಾರಿ. ಸಾವಿರ ಜನವೂ ಇಲ್ಲದ ಊರು. ಆದರೆ ಡೇನರು, ಅಂದರೆ ಡೆನ್ಮಾರ್ಕಿನ ಜನ, ಅಲ್ಲಿಗೆ ಬಂದು ಈಗ ನೂರು ವರ್ಷದ ಮೇಲಾಯಿತು, ಅಷ್ಟು ಬೇರು ಬಿಟ್ಟಿದ್ದಾರೆ. 1882 ಒಂದೇ ವರ್ಷದಲ್ಲಿ ಆ ಪುಟ್ಟ ದೇಶದಿಂದ 11 ಸಾವಿರಕ್ಕೂ ಹೆಚ್ಚು ಜನ ವಲಸೆ ಹೊರಟಿದ್ದರು. ಎಲ್ಕ್ ಹಾರ್ನ್ ಸ್ಮಶಾನದಲ್ಲಿ ನಡೆದರೆ ಸಾಲಾಗಿ ಹ್ಯಾನ್ಸನ್, ಜೆನ್ಸನ್, ಪೀಟರ್ಸನ್.

ಆದರೆ ನಾನು ಹೇಳಬೇಕೆಂದಿರುವುದು ಮಾತಿನ ವಿಷಯ. ಅಜ್ಜಿ ಹುಟ್ಟಿದ್ದು ಇಲ್ಲೇ, ಡ್ಯಾನಿಶ್ ಮನೆಯಲ್ಲೇ. ಆದರೂ ಅವರಿಗೆ ಡ್ಯಾನಿಶ್ ಸರಿಯಾಗಿ ಬರುತ್ತಿರಲಿಲ್ಲ. ಕಾರಣ ಕೇಳಿದರೆ ನಿನಗೆ ಹೊಟ್ಟೆ ಉರಿಯುತ್ತದೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1918ರ ಮೇ 23ರಂದು, ಐಯೋವಾ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಆಜ್ಞೆ ಹೊರಡಿಸಿದ. ಶಾಲೆಯಲ್ಲಿ, ಚರ್ಚಿನಲ್ಲಿ, ರೈಲಿನಲ್ಲಿ, ಟೆಲಿಫೋನಿನಲ್ಲಿ ಕೂಡ ಇಂಗ್ಲಿಷ್ ಬಿಟ್ಟು ಬೇರೆ ಮಾತು ಆಡಕೂಡದು. ಸಿಟ್ಟು ಇದ್ದದ್ದು ಜರ್ಮನ್ ಮೇಲೆ. ಏಟು ಬಿದ್ದದ್ದು ಡೇನರಿಗೆ, ನಾರ್ವೆಯವರಿಗೆ, ಎಲ್ಲರಿಗೂ. ಅದೇ ಡಿಸೆಂಬರಿನಲ್ಲಿ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಂಡರು. ಭಯ ಮಾತ್ರ ಮನೆಯೊಳಗೇ ಉಳಿಯಿತು. ಅಜ್ಜಿಯ ತಂದೆ ಮಕ್ಕಳ ಜೊತೆ ಡ್ಯಾನಿಶ್ ಆಡುವುದನ್ನೇ ಬಿಟ್ಟರು. ಮುಂದೆ ಮೊರ್‌ಫಾರ್ ತಮ್ಮ ಮಕ್ಕಳನ್ನೂ ಇಂಗ್ಲಿಷಿನಲ್ಲೇ ಬೆಳೆಸಿದರು. ಸುಲಭ ಅಂತ, ಶಾಲೆಯಲ್ಲಿ ಒಳ್ಳೆಯದು ಅಂತ. ನಾವೂ ಇದೇ ಮಾತು ಹೇಳಿಕೊಳ್ಳುತ್ತೇವೆ, ಅಲ್ವಾ?

ನಮ್ಮ ಮಗಳು ಹುಟ್ಟಿದಾಗ ಅವರು ಆಸ್ಪತ್ರೆಗೆ ಬಂದರು. ಮಗುವನ್ನು ಎತ್ತಿಕೊಂಡು ಡ್ಯಾನಿಶ್‌ನಲ್ಲಿ ಏನೋ ಹೇಳಿದರು. ಆಮೇಲೆ ನನ್ನ ಕೈಗೆ ಕೊಟ್ಟು, "ಈಗ ನೀನು ನಿನ್ನ ಭಾಷೆಯಲ್ಲಿ ಮಾತಾಡು. ನಾನು ಕೇಳಬೇಕು" ಅಂದರು. ನನಗೆ ನಾಚಿಕೆ. "ಬಾ ಪುಟ್ಟಿ" ಅಂದೆ, ಅಷ್ಟೇ ಬಂದದ್ದು. ಅವರು ನನ್ನ ತೋಳು ಹಿಡಿದುಕೊಂಡು ಹೇಳಿದರು: "ದಿನಾ ಆಡು. ಯಾರ ಮುಂದೆ ಆದರೂ ಆಡು. ನಾನು ನನ್ನ ಮಕ್ಕಳ ಜೊತೆ ಆಡಲಿಲ್ಲ. ಈಗ ನನ್ನ ಅಮ್ಮ ಹಾಡುತ್ತಿದ್ದ ಹಾಡು ಈ ಮನೆಯಲ್ಲಿ ಗೊತ್ತಿರುವುದು ನನಗೊಬ್ಬನಿಗೇ."

ಇವತ್ತು ನನ್ನ ಮಗಳು ನನ್ನನ್ನು "ಅಪ್ಪಾ" ಅಂತ ಕರೆದು ಊಟಕ್ಕೆ ಏನು ಮಾಡಿದೆ ಅಂತ ಕನ್ನಡದಲ್ಲಿ ಕೇಳುತ್ತಾಳೆ ಅಂದರೆ ಅದು ಆ ಡ್ಯಾನಿಶ್ ಅಜ್ಜನ ದೆಸೆಯಿಂದ. ನನ್ನವರು ಯಾರೂ ಅಷ್ಟು ಒತ್ತಿ ಹೇಳಿರಲಿಲ್ಲ ಕಣೋ. ನನ್ನ ಅಮ್ಮ ಕೂಡ "ಇಂಗ್ಲಿಷೇ ಸಾಕು ಬಿಡು, ಮಗುಗೆ ಗೊಂದಲ ಆಗುತ್ತೆ" ಅಂದಿದ್ದಳು.

ಅಮ್ಮನ ಹೆಸರು ಬಂತು, ಅವಳ ಕಥೆಯನ್ನೂ ಹೇಳಿಬಿಡುತ್ತೇನೆ. ಅವಳು ಇಲ್ಲಿಗೆ ಬರುವಾಗ ಬೀಗರಿಗೆ ಅಂತ ಹಾವೇರಿಯ ಏಲಕ್ಕಿ ಹಾರ ತಂದಿದ್ದಳು. ಮೊರ್‌ಫಾರ್ ಕೊರಳಿಗೆ ಹಾಕಿದಳು. ಅವರು ಹಾರವನ್ನು ಮೂಗಿಗೆ ಹಿಡಿದು ಹಾಗೇ ನಿಂತುಬಿಟ್ಟರು. "ಇದು ಕ್ರಿಸ್‌ಮಸ್ ವಾಸನೆ" ಅಂದರು. ಅವರ ಕಡೆ ಹಬ್ಬದ ತಿಂಡಿಗೆ, ಬ್ರೆಡ್ಡಿಗೆ ಏಲಕ್ಕಿ ಹಾಕುತ್ತಾರೆ. ಅಮ್ಮನಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಅಡುಗೆಮನೆಗೆ ಕರೆದುಕೊಂಡು ಹೋಗಿ ಕಬ್ಬಿಣದ ಒಂದು ಹಂಚು ತೋರಿಸಿದರು, ಏಳು ಗುಳಿ ಇರುವಂಥದ್ದು. "ಅಯ್ಯೋ, ಇದು ನಮ್ಮ ಪಡ್ಡಿನ ಹಂಚು!" ಅಂತ ಅಮ್ಮ ಚಪ್ಪಾಳೆ ತಟ್ಟಿದಳು. ಅದರಲ್ಲಿ ಅವರು ಏಬಲ್‌ಸ್ಕೀವರ್ ಮಾಡುತ್ತಾರೆ. ಮೈದಾ, ಮೊಟ್ಟೆ, ಮಜ್ಜಿಗೆಯ ಹಿಟ್ಟು. ಗುಳಿಗೆ ಬೆಣ್ಣೆ ಬಿಟ್ಟು, ಹಿಟ್ಟು ಹೊಯ್ದು, ಅಂಚು ಗಟ್ಟಿಯಾಗುತ್ತಿದ್ದಂತೆ ಸ್ವೆಟರ್ ಹೆಣೆಯುವ ಕಡ್ಡಿಯಿಂದ ಕಾಲು ಸುತ್ತು ತಿರುಗಿಸಬೇಕು. ಒಳಗಿನ ಹಸಿ ಹಿಟ್ಟು ಕೆಳಗೆ ಇಳಿಯುತ್ತದೆ. ಮತ್ತೆ ಕಾಲು ಸುತ್ತು. ಹೀಗೆ ತಿರುಗಿಸುತ್ತಾ ಹೋದರೆ ಪೂರ್ತಿ ಚೆಂಡಾಗುತ್ತದೆ. ನಮ್ಮ ಪಡ್ಡಿನ ಹಾಗೆ ಒಂದೇ ಸಲ ಮಗುಚಿದರೆ ಆಗುವುದಿಲ್ಲ. ಅಮ್ಮ ಕಡ್ಡಿ ಕಸಿದುಕೊಂಡು ಎರಡನೇ ಸುತ್ತಿಗೇ ಕಲಿತಳು. ಸಕ್ಕರೆ ಪುಡಿ, ಜಾಮ್ ಹಚ್ಚಿಕೊಂಡು ತಿನ್ನಬೇಕು. ಅಮ್ಮ ಚಟ್ನಿಪುಡಿ ಹಚ್ಚಿಕೊಂಡಳು. ಮೊರ್‌ಫಾರ್ ಕೂಡ. ಆ ಹಾರವನ್ನು ಅಜ್ಜಿ ಅಡುಗೆಮನೆಯ ಮೊಳೆಗೆ ನೇತುಹಾಕಿ, ಬೇಕಾದಾಗೆಲ್ಲ ಒಂದೊಂದೇ ಕಾಯಿ ಕಿತ್ತು ಹಿಟ್ಟಿಗೆ ಹಾಕುತ್ತಿದ್ದರು.

ಎಲ್ಕ್ ಹಾರ್ನ್‌ನಲ್ಲಿ ಒಂದು ಗಾಳಿ ಗಿರಣಿ ಇದೆ. 1848ರಲ್ಲಿ ಜಟ್‌ಲ್ಯಾಂಡಿನ ನೋರ್ರೆ ಸ್ನೇಡೆಯಲ್ಲಿ ಕಟ್ಟಿದ್ದು. 1975ರಲ್ಲಿ ಊರಿನವರು ಚಂದಾ ಎತ್ತಿ ಅದನ್ನು ಕೊಂಡು, ಅಲ್ಲಿ ಬಿಚ್ಚಿಸಿ, ಒಂದೊಂದು ತುಂಡಿಗೂ ನಂಬರ್ ಹಾಕಿಸಿ ಹಡಗಿನಲ್ಲಿ ತರಿಸಿದರು. 300ಕ್ಕೂ ಹೆಚ್ಚು ಜನ ಕೂಲಿ ಇಲ್ಲದೆ ದುಡಿದು ಮತ್ತೆ ನಿಲ್ಲಿಸಿದರು. 60 ಅಡಿ ಎತ್ತರ. ಮೊರ್‌ಫಾರ್ ಕೂಡ ಹೊಲದ ಕೆಲಸ ಮುಗಿಸಿ ಸಂಜೆ ಹೋಗಿ ತೊಲೆ ಎತ್ತಿದವರು. ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಮರದ ಹಲ್ಲಿನ ಚಕ್ರಗಳನ್ನು ತೋರಿಸಿದರು. ಅವರಿಗೆ ಅದು ನೋಡಲು ಇಟ್ಟ ಸಾಮಾನಾಗಿರಲಿಲ್ಲ. "ರೆಕ್ಕೆ ತಿರುಗಿದರೆ ಹಿಟ್ಟು ಬೀಳುತ್ತೆ, ಅದಕ್ಕೇ ತಂದದ್ದು" ಅನ್ನುತ್ತಿದ್ದರು.

ಪ್ರತಿ ವರ್ಷ ಮೇ 4ರ ಸಂಜೆ ಮನೆಯ ಎಲ್ಲ ಕಿಟಕಿಗಳಲ್ಲೂ ಮೇಣದಬತ್ತಿ ಹಚ್ಚುತ್ತಿದ್ದರು. 1940ರ ಏಪ್ರಿಲ್ 9ರಂದು ಜರ್ಮನ್ ಸೇನೆ ಅವರ ದೇಶದೊಳಗೆ ನುಗ್ಗಿದಾಗ ಚಿಕ್ಕ ಹುಡುಗ. ಐದು ವರ್ಷ ರಾತ್ರಿಯಾದರೆ ಕಿಟಕಿಗೆ ಕಪ್ಪು ಪರದೆ. 1945ರ ಮೇ 4ರಂದು ಎಂಟೂವರೆಗೆ ಲಂಡನ್ನಿನ ಬಿಬಿಸಿ ಡ್ಯಾನಿಶ್ ಸುದ್ದಿಯಲ್ಲಿ ಜರ್ಮನರು ಶರಣಾದರು ಅಂತ ಹೇಳಿದರು. ಇವರ ಅಮ್ಮ ಒಂದೂ ಮಾತಾಡದೆ ಎದ್ದು ಪರದೆ ಕಿತ್ತು ಒಲೆಗೆ ಹಾಕಿ, ಮನೆಯಲ್ಲಿದ್ದ ಮೇಣದಬತ್ತಿಯನ್ನೆಲ್ಲ ಕಿಟಕಿಯಲ್ಲಿ ಇಟ್ಟರಂತೆ. ಡೆನ್ಮಾರ್ಕಿನಲ್ಲಿ ಇವತ್ತಿಗೂ ಎಷ್ಟೋ ಮನೆಗಳಲ್ಲಿ ಹಚ್ಚುತ್ತಾರೆ. ಈ ವರ್ಷ ನಮ್ಮ ಮನೆಯಲ್ಲಿ ಮಗಳು ಹಚ್ಚಿದಳು.

ಇನ್ನೊಂದು ಮಾತು. ನಾನು ಇಲ್ಲಿನ ಪೌರತ್ವ ತೆಗೆದುಕೊಂಡು ಭಾರತದ ಪಾಸ್‌ಪೋರ್ಟ್ ಒಪ್ಪಿಸಿದಾಗ ಎಷ್ಟು ಒದ್ದಾಡಿದ್ದೆ ಅಂತ ನಿನಗೆ ಗೊತ್ತು. ಬೇರೆಯವರು "ಒಸಿಐ ಕಾರ್ಡ್ ಇದೆಯಲ್ಲ" ಅಂದರು, ಹೊರದೇಶದ ಪೌರರಾದ ಭಾರತೀಯ ಮೂಲದವರಿಗೆ ಭಾರತ ಕೊಡುವ ಕಾರ್ಡು ಅದು. ಮೊರ್‌ಫಾರ್ ಹಾಗೆ ಅನ್ನಲಿಲ್ಲ. ಅವರಿಗೂ ಅದೇ ಆಗಿತ್ತು, ಅಮೆರಿಕದವರಾದ ದಿನ ಡೆನ್ಮಾರ್ಕಿನವರಾಗಿ ಉಳಿಯಲಿಲ್ಲ. 2015ರ ಸೆಪ್ಟೆಂಬರಿನಲ್ಲಿ ಡೆನ್ಮಾರ್ಕ್ ಕಾನೂನು ಬದಲಾಯಿಸಿ ಎರಡೂ ಪೌರತ್ವ ಇಟ್ಟುಕೊಳ್ಳಬಹುದು, ಕಳೆದುಕೊಂಡವರು ಮರಳಿ ಪಡೆಯಬಹುದು ಅಂದಿತು. ಎಂಬತ್ಮೂರರ ವಯಸ್ಸಿನಲ್ಲಿ ಅರ್ಜಿ ಹಾಕಿದರು. ಒಪ್ಪಿಗೆಯ ಕಾಗದ ಬಂದ ದಿನ ಕೋಟು ಹಾಕಿಕೊಂಡು ಊಟಕ್ಕೆ ಕೂತರು, ಮೇಜಿನ ಮೇಲೆ ಪುಟ್ಟ ಕೆಂಪು ಬಿಳಿ ಬಾವುಟ. ನನ್ನ ಕಡೆ ತಿರುಗಿ, "ನಿನ್ನ ದೇಶವೂ ಒಂದು ದಿನ ಹೀಗೆ ಮಾಡಲಿ" ಅಂದರು. ನನ್ನ ನೋವನ್ನು ಅಷ್ಟು ಸರಿಯಾಗಿ ತಿಳಿದುಕೊಂಡವರು ಬೇರೆ ಯಾರೂ ಇಲ್ಲ. ಈಗ ಹೇಳು, ಹೇಗೆ ಹಚ್ಚಿಕೊಳ್ಳದೆ ಇರಲಿ?

ಕೊನೆಗೆ ನಿನ್ನಿಂದ ಒಂದು ಕೆಲಸ ಆಗಬೇಕು. ಜಟ್‌ಲ್ಯಾಂಡಿನ ಉತ್ತರಕ್ಕೆ ರೆಬಿಲ್ಡ್ ಎಂಬ ಗುಡ್ಡಗಾಡು ಇದೆ. ಅಮೆರಿಕಕ್ಕೆ ಬಂದ ಡೇನರು ದುಡ್ಡು ಕೂಡಿಸಿ ಆ ಜಾಗ ಕೊಂಡು 1912ರಲ್ಲಿ ತಾಯ್ನಾಡಿಗೇ ಕೊಟ್ಟರು. ಅಲ್ಲಿ ಜುಲೈ 4ಕ್ಕೆ ಅಮೆರಿಕದ ಸ್ವಾತಂತ್ರ್ಯ ದಿನ ಮಾಡುತ್ತಾರೆ. ಅಜ್ಜಿಗೆ ಅಲ್ಲಿಗೆ ಹೋಗಬೇಕಂತೆ. ಮುಂದಿನ ಜುಲೈಗೆ ನಾವೆಲ್ಲ ಹೊರಡುತ್ತಿದ್ದೇವೆ. ಹ್ಯಾಂಬರ್ಗ್‌ನಿಂದ ನಿನಗೆ ಕಾರಿನಲ್ಲಿ ಅರ್ಧ ದಿನದ ದಾರಿ. ಮಕ್ಕಳನ್ನೂ ಕರೆದುಕೊಂಡು ಬಾ. ರಜೆ ಈಗಲೇ ಕೇಳಿಡು, ಆಮೇಲೆ ಸಿಗಲಿಲ್ಲ ಅನ್ನಬೇಡ. ಅಜ್ಜಿಗೆ ಮೆಟ್ಟಿಲು ಹತ್ತೋಕೆ ಆಗಲ್ಲ, ಕೆಳಗಿನ ಮಹಡಿಯಲ್ಲೇ ರೂಮ್ ಸಿಗುವ ಮನೆ ಯಾವುದಾದರೂ ಇದೆಯಾ ಅಂತ ನೋಡಿ ತಿಳಿಸು.

ಇಂತಿ ನಿನ್ನ ಗೆಳೆಯ